ಕೈ ಏಳುವ ಮೊದಲೇ ಮೆದುಳು ಸಿದ್ಧ!

ಮಕ್ಕಳೇ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವುದನ್ನು ನೋಡಿದ್ದೀರಾ? ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ ನೇಯುವವರ ಕೈ ನಿಲ್ಲುತ್ತದೆ. ಒಂದು ಎಳೆ ತಪ್ಪಿದೆ! ಯಾರೂ ಹೇಳದೆಯೇ ಅವರಿಗೆ ಅಷ್ಟು ಬೇಗ ಹೇಗೆ ತಿಳಿಯಿತು?

ಒಂದು ಆಟ ಆಡಿ ನೋಡಿ. ಗೆಳೆಯರು ‘ಚಳ್ಳಕೆರೆ’ ಎಂದರೆ ಬಲಗೈ, ‘ಮೊಳಕಾಲ್ಮುರು’ ಎಂದರೆ ಎಡಗೈ ಎತ್ತಬೇಕು. ವೇಗವಾಗಿ ಐದಾರು ಸಲ ‘ಚಳ್ಳಕೆರೆ’ ಎಂದು, ಥಟ್ಟನೆ ‘ಮೊಳಕಾಲ್ಮುರು’ ಎನ್ನಲಿ. ಬಲಗೈ ಎದ್ದೇ ಬಿಡುತ್ತದೆ! ಉಳಿದವರು ನಗುವ ಮೊದಲೇ ನಿಮ್ಮ ಬಾಯಿಂದ ‘ಅಯ್ಯೋ’ ಬಂದಿರುತ್ತದೆ.

ಮೆದುಳಿನ ನರಕೋಶಗಳು ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ತಲೆಯ ಮೇಲೆ ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸಿ ಇವನ್ನು ದಾಖಲಿಸಬಹುದು. ಇದೇ ಇ.ಇ.ಜಿ. ಮನುಷ್ಯರಲ್ಲಿ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್, 1924ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೂರ್ಛೆ ರೋಗದ ಪರೀಕ್ಷೆಗೂ ಇದನ್ನು ಬಳಸುತ್ತಾರೆ. ಹೆದರಬೇಡಿ, ಯಂತ್ರ ತಲೆಗೆ ಕರೆಂಟ್ ಬಿಡುವುದಿಲ್ಲ. ನಿಮ್ಮ ಮನಸ್ಸಿನ ಗುಟ್ಟನ್ನೂ ಓದುವುದಿಲ್ಲ!

1964ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕಾರ್ನ್‌ಹ್ಯೂಬರ್ ಮತ್ತು ಡೀಕೆ ಎಂಬ ವಿಜ್ಞಾನಿಗಳು, ಮನಸ್ಸು ಬಂದಾಗ ಬೆರಳು ಆಡಿಸಿ ಎಂದು ಜನರಿಗೆ ಹೇಳಿ ಸಂಕೇತಗಳನ್ನು ಟೇಪಿನಲ್ಲಿ ದಾಖಲಿಸಿದರು. ಆದರೆ ಬೆರಳಿಗೆ ಸೇರಿದ ಸಂಕೇತ ಜಾತ್ರೆಯ ಗದ್ದಲದಲ್ಲಿ ಪಿಸುಮಾತಿನಂತೆ ಮುಚ್ಚಿಹೋಗಿತ್ತು. ಆಗ ಅವರು ಜಾಣ ಉಪಾಯ ಮಾಡಿದರು. ಬೆರಳು ಆಡಿದ ಗಳಿಗೆಯಿಂದ ಟೇಪನ್ನು ಹಿಂದಕ್ಕೆ ಓಡಿಸಿ, ನೂರಾರು ದಾಖಲೆಗಳ ಸರಾಸರಿ ತೆಗೆದರು. ಗದ್ದಲ ಪ್ರತಿ ಸಲವೂ ಬೇರೆ ಬೇರೆ, ಆದ್ದರಿಂದ ಅದು ಅಳಿಸಿಹೋಯಿತು. ಪಿಸುಮಾತು ಉಳಿಯಿತು. ಬೆರಳು ಅಲುಗುವ ಸುಮಾರು ಒಂದು ಸೆಕೆಂಡು ಮೊದಲೇ ಒಂದು ಅಲೆ ಮೆಲ್ಲನೆ ಬೆಳೆಯುತ್ತಿತ್ತು! ಇದು ಮೆದುಳಿನ ಸಿದ್ಧತೆಯ ಅಲೆ.

1990ರ ದಶಕದ ಆರಂಭದಲ್ಲಿ ಇನ್ನೊಂದು ಅಲೆ ಸಿಕ್ಕಿತು. ಅವಸರದಲ್ಲಿ ತಪ್ಪು ಗುಂಡಿ ಒತ್ತಿದವರಲ್ಲಿ, ಒತ್ತಿದ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಅದು ಏಳುತ್ತದೆ. ಯಾರೂ ತಿದ್ದುವ ತನಕ ಮೆದುಳು ಕಾಯುವುದಿಲ್ಲ.

ಹಾಗಾದರೆ ನೇಯುವವರ ತಲೆಗೂ ಬಿಲ್ಲೆ ಅಂಟಿಸಿ ನೋಡಬಹುದಲ್ಲವೇ? ಅದು ಅಷ್ಟು ಸುಲಭವಲ್ಲ. ಕಣ್ಣು ಮಿಟುಕಿಸಿದರೂ, ಹಲ್ಲು ಕಚ್ಚಿದರೂ ಹುಟ್ಟುವ ವಿದ್ಯುತ್ತು ಮೆದುಳಿನ ಅಲೆಗಿಂತ ದೊಡ್ಡದು. ಮಗ್ಗದಲ್ಲೋ, ಕೈ, ಕಾಲು, ಕುತ್ತಿಗೆ ಎಲ್ಲವೂ ಆಡುತ್ತಿರುತ್ತವೆ. ಅದಕ್ಕೇ ಪ್ರಯೋಗಾಲಯದಲ್ಲಿ ಅಲುಗಾಡದೆ ಕುಳಿತು, ಬೆರಳೊಂದನ್ನೇ ಆಡಿಸಿ ಎನ್ನುತ್ತಾರೆ.

ನಾಳೆ ತರಗತಿಯಲ್ಲಿ ಆಟವನ್ನು 20 ಸಲ ಆಡಿ. ಎಷ್ಟು ಸಲ ತಪ್ಪಿದಿರಿ, ಅದರಲ್ಲಿ ಎಷ್ಟು ಸಲ ‘ಅಯ್ಯೋ’ ತಾನಾಗಿಯೇ ಬಂತು? ಬರೆದಿಡಿ.