ಗಾರ್ಟರ್ ಹಾವಿನ ಸ್ವಭಾವ

ಹನ್ನೆರಡು ವರ್ಷ ಕಳೆದರೂ ಹಾವು ತನ್ನ ಹಗೆಯನ್ನು ಮರೆಯುವುದಿಲ್ಲವೆಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಬಾಯ್ದೆರೆದು ಎರಗುವ ಹಾವನ್ನು ಕಂಡವರು ಅದು ಸಿಟ್ಟಿಗೆದ್ದಿದೆಯೆಂದೇ ತಿಳಿಯುತ್ತಾರೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿ? ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಸಾಕುವ ಒಂದು ಸಣ್ಣ ಹಾವಿನ ನಡವಳಿಕೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅದೇ ಗಾರ್ಟರ್ ಹಾವು.

ಕೆನಡಾದಿಂದ ಮಧ್ಯ ಅಮೆರಿಕದವರೆಗೆ ಈ ಹಾವಿನ 30ಕ್ಕೂ ಹೆಚ್ಚು ಪ್ರಭೇದಗಳುಂಟು. ಇವುಗಳಲ್ಲಿ ಸಾಮಾನ್ಯವಾದ ಒಂದಕ್ಕೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿಯೇ ಶಾಸ್ತ್ರೀಯ ನಾಮವನ್ನಿತ್ತನು. ಅನೇಕ ಪ್ರಭೇದಗಳ ಮೈಮೇಲೆ ತಲೆಯಿಂದ ಬಾಲದವರೆಗೆ ಮೂರು ಗೆರೆಗಳಿರುತ್ತವೆ. ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಹೋಲುವುದರಿಂದ ಇದಕ್ಕೆ ಈ ಹೆಸರು ಬಂದಿತು. ಎರೆಹುಳು, ಕಪ್ಪೆ, ಮೀನುಗಳೇ ಇದರ ಮುಖ್ಯ ಆಹಾರ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಕೆನಡಾದ ಮ್ಯಾನಿಟೋಬಾ ಪ್ರಾಂತದ ನಾರ್ಸಿಸ್ ಎಂಬಲ್ಲಿ, ಚಳಿಗಾಲವನ್ನು ಸುಣ್ಣಕಲ್ಲಿನ ಬಿರುಕುಗಳಲ್ಲಿ ಕಳೆದ ಸಾವಿರಾರು ಹಾವುಗಳು ವಸಂತದಲ್ಲಿ ಒಮ್ಮೆಗೇ ಹೊರಬರುವ ದೃಶ್ಯ ಲೋಕಪ್ರಸಿದ್ಧವಾಗಿದೆ. ಇದರ ಜೊಲ್ಲಿನಲ್ಲಿ ಅಲ್ಪ ವಿಷಾಂಶವಿದ್ದರೂ ಸಾಮಾನ್ಯವಾಗಿ ಮನುಷ್ಯನಿಗೆ ಅದರಿಂದ ಅಪಾಯವಿಲ್ಲ.

ಇಷ್ಟು ಸಣ್ಣ ಪ್ರಾಣಿಗೆ ಹದ್ದು, ಕೊಕ್ಕರೆ, ರಕೂನ್ ಮೊದಲಾದ ಶತ್ರುಗಳು ಅನೇಕ. ಆದುದರಿಂದ ಪ್ರಕೃತಿಯು ಇದಕ್ಕೆ ಹಲವು ರಕ್ಷಣೋಪಾಯಗಳನ್ನು ಒದಗಿಸಿದೆ. ಓಡಿಹೋಗುವುದೇ ಮೊದಲನೆಯದು. ಅದು ಸಾಧ್ಯವಾಗದಾಗ ಹಾವು ತಲೆಯನ್ನೂ ಮೈಯನ್ನೂ ಚಪ್ಪಟೆಯಾಗಿಸಿ ದೊಡ್ಡದಾಗಿ ತೋರುತ್ತದೆ, ಬಾಯ್ದೆರೆದು ಎರಗುತ್ತದೆ, ಇಲ್ಲವೇ ಸುರುಳಿಯ ನಡುವೆ ತಲೆಯನ್ನು ಬಚ್ಚಿಟ್ಟುಕೊಳ್ಳುತ್ತದೆ. ಹಿಡಿದವರ ಕೈಗೆ, ಬಾಲದ ಬುಡದಲ್ಲಿರುವ ಗ್ರಂಥಿಗಳಿಂದ ದುರ್ವಾಸನೆಯ ದ್ರವವನ್ನು ಮಲದೊಡನೆ ಬಳಿದುಬಿಡುತ್ತದೆ. ಇವೆಲ್ಲವೂ ಬದುಕುಳಿಯಲು ಅದು ಹೂಡುವ ಉಪಾಯಗಳು. ಇವುಗಳಲ್ಲಿ ಹಗೆಯ ಮಾತೇ ಇಲ್ಲ.

ಮೈಬಣ್ಣಕ್ಕೂ ಈ ಉಪಾಯಗಳಿಗೂ ಸಂಬಂಧವುಂಟೆಂಬುದನ್ನು ಬ್ರೋಡಿ ಎಂಬ ವಿಜ್ಞಾನಿ 1989ರಲ್ಲಿ ಪ್ರಕಟಿಸಿದನು. ವಾಯವ್ಯ ಅಮೆರಿಕದ ಒಂದು ಪ್ರಭೇದದಲ್ಲಿ ಗೆರೆಗಳುಳ್ಳ ಹಾವುಗಳು ನೇರವಾಗಿ ಓಡುತ್ತವೆ. ಗೆರೆಯು ಸರಿದುಹೋಗುವಾಗ ಅದರ ವೇಗವನ್ನು ಅಳೆಯುವುದು ಶತ್ರುವಿನ ಕಣ್ಣಿಗೆ ಕಷ್ಟ. ಚುಕ್ಕೆಗಳುಳ್ಳವಾದರೋ ಥಟ್ಟನೆ ದಿಕ್ಕು ಬದಲಿಸಿ ನಿಶ್ಚಲವಾಗುತ್ತವೆ. ಆಗ ಅವು ಹುಲ್ಲು ತರಗೆಲೆಗಳ ನಡುವೆ ಕಾಣದಾಗುತ್ತವೆ.

ಕೈಯ ಐದು ಬೆರಳುಗಳು ಒಂದೇ ಸಮನಾಗಿಲ್ಲವೆಂಬ ಮಾತು ಹಾವುಗಳಿಗೂ ಸಲ್ಲುತ್ತದೆ. ಹರ್ಜೋಗ್ ಮತ್ತು ಬರ್ಗಾರ್ಟ್ ಎಂಬ ಅಮೆರಿಕದ ವಿಜ್ಞಾನಿಗಳು 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಆಗತಾನೆ ಹುಟ್ಟಿದ ಮರಿಗಳಲ್ಲಿಯೇ ಸ್ವಭಾವಭೇದ ಕಂಡುಬಂದಿತು. ಕೆಲವು ಬೆರಳು ಸಮೀಪಿಸಿದೊಡನೆ ಎರಗಿದವು, ಕೆಲವು ಓಡಿದವು. ಕೇಡಾಗದೆ ಅದೇ ಅನುಭವ ಮತ್ತೆ ಮತ್ತೆ ಬಂದಾಗ ಎರಗುವಿಕೆ ಕಡಿಮೆಯಾಯಿತು. ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಕೆಲವು ಮರಿಗಳು ಧೈರ್ಯಶಾಲಿಗಳು, ಕೆಲವು ಅಂಜುಬುರುಕಗಳು ಎಂಬುದನ್ನು ತೋರಿಸಿತು.

ಈ ಹಾವನ್ನು ಸಾಕುವವರು ಮೊದಲು ಕಲಿಯಬೇಕಾದುದು ತಾಳ್ಮೆಯನ್ನು. ಅಡಗಲು ಮರೆಯಿಲ್ಲದ ಪೆಟ್ಟಿಗೆಯಲ್ಲಿ ಹಾವು ನೆಮ್ಮದಿಯಿಂದ ಇರಲಾರದು. ಮೇಲಿನಿಂದ ಇಳಿದು ಬರುವ ಕೈ ಅದಕ್ಕೆ ಹದ್ದಿನಂತೆ ತೋರೀತು; ಪಕ್ಕದಿಂದ ನಿಧಾನವಾಗಿ ಚಾಚಿದ ಕೈಯನ್ನು ಅದು ಸಹಿಸುತ್ತದೆ. ಪೊರೆ ಬಿಡುವ ಮುನ್ನ ಕಣ್ಣು ಮಸುಕಾಗುವುದರಿಂದ ಆಗ ಅದನ್ನು ಮುಟ್ಟಬಾರದು. ಬಾಲವನ್ನು ಹಿಡಿದೆಳೆದರೆ ಅದು ತುಂಡಾಗಬಹುದು; ಹಲ್ಲಿಯ ಬಾಲದಂತೆ ಮತ್ತೆ ಬೆಳೆಯುವುದಿಲ್ಲ. ದಿನದಿನವೂ ಸ್ವಲ್ಪಸ್ವಲ್ಪವಾಗಿ ಕೈಗೆ ಒಗ್ಗಿಸಿದರೆ ಅನೇಕ ಹಾವುಗಳು ಎರಗುವುದನ್ನು ಬಿಡುತ್ತವೆ. ಅದನ್ನು ಪ್ರೀತಿಯೆಂದು ಭ್ರಮಿಸಬೇಕಾಗಿಲ್ಲ. ಭಯ ತಗ್ಗಿತೆಂದು ತಿಳಿದರೆ ಸಾಕು. ಕೆಲವು ಎಷ್ಟು ಕಾಲವಾದರೂ ಒಗ್ಗುವುದಿಲ್ಲ. ಅವುಗಳನ್ನು ಮುಟ್ಟದೆ ನೋಡಿ ಸಂತೋಷಪಡುವುದೇ ಲೇಸು.

ನಮ್ಮ ಕೆರೆ ಗದ್ದೆಗಳ ನೀರೊಳ್ಳೆಯು ಗಾರ್ಟರ್ ಹಾವಿನ ದೂರದ ಬಂಧು. ವಿಷವಿಲ್ಲದ ಈ ಹಾವೂ ಹೆದರಿದಾಗ ಕೊರಳನ್ನು ಚಪ್ಪಟೆಯಾಗಿಸುತ್ತದೆ. ಅದನ್ನು ನಾಗರಹಾವೆಂದು ಬಗೆದು ಹೊಡೆದು ಕೊಲ್ಲುವವರುಂಟು. ಪ್ರಾಣವುಳಿಸಲೆಂದು ಹೂಡಿದ ಉಪಾಯವೇ ಅದರ ಪ್ರಾಣಕ್ಕೆ ಮುಳುವಾಗುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ಕಾಡುಪ್ರಾಣಿಗಳಿಗೆ ರಕ್ಷಣೆಯನ್ನಿತ್ತಿದೆ. ಹಾವು ಯಾವುದೆಂದು ತಿಳಿಯದಿರುವಾಗ ಹತ್ತಿರ ಹೋಗದೆ ಅದಕ್ಕೆ ದಾರಿ ಬಿಡುವುದೇ ವಿವೇಕ. ಎದುರಿನ ಪ್ರಾಣಿ ಹೆದರಿದೆಯೆಂದು ಅರಿತವನ ಕೈ ತಾನಾಗಿಯೇ ಕೋಲನ್ನು ಕೆಳಗಿಡುತ್ತದೆ.

ಅಭ್ಯಾಸ

1. ಗಾರ್ಟರ್ ಹಾವಿಗೆ ಆ ಹೆಸರು ಬರಲು ಕಾರಣವೇನು?
2. ಗೆರೆಗಳುಳ್ಳ ಹಾವಿಗೂ ಚುಕ್ಕೆಗಳುಳ್ಳ ಹಾವಿಗೂ ಓಟದಲ್ಲಿರುವ ವ್ಯತ್ಯಾಸವನ್ನು ವಿವರಿಸಿರಿ.
3. ‘ಪ್ರಾಣವುಳಿಸಲೆಂದು ಹೂಡಿದ ಉಪಾಯವೇ ಪ್ರಾಣಕ್ಕೆ ಮುಳುವಾಗುತ್ತದೆ’ — ಸಂದರ್ಭ ಸಹಿತ ವಿವರಿಸಿರಿ.