ಕಾರಿನ ಸ್ಟೀರಿಯೋ ಮತ್ತು ಧ್ವನಿಸಂಕೇತದ ಸ್ವರೂಪ

ಧ್ವನಿಯೆಂಬುದು ಗಾಳಿಯಲ್ಲಿ ಹರಿಯುವ ಒತ್ತಡದ ಅಲೆ. ತಂತಿಯನ್ನು ಸೇರಿದ ಮೇಲೆ ಅದೇ ಅಲೆ ವಿದ್ಯುತ್ತಿನ ಏರಿಳಿತವಾಗುತ್ತದೆ. ಮನುಷ್ಯನ ಕಿವಿಗೆ ನಿಲುಕುವ, ಸೆಕೆಂಡಿಗೆ 20 ರಿಂದ 20,000 ಸಲ ಕಂಪಿಸುವ ಈ ಏರಿಳಿತಕ್ಕೆ ಧ್ವನಿಸಂಕೇತವೆಂದು ಹೆಸರು. ಕಾರಿನ ಸ್ಟೀರಿಯೋವನ್ನು ಉತ್ತಮಪಡಿಸಲು ಹೊರಡುವವರಲ್ಲಿ ಬಹುಮಂದಿ ಸ್ಪೀಕರಿನ ಬೆಲೆಯನ್ನು ವಿಚಾರಿಸುವಷ್ಟು ಶ್ರದ್ಧೆಯಿಂದ ಈ ಸಂಕೇತದ ಸ್ವರೂಪವನ್ನು ವಿಚಾರಿಸುವುದಿಲ್ಲ. ಅದರ ಫಲವಾಗಿ ಸಾವಿರಾರು ರೂಪಾಯಿ ವೆಚ್ಚವಾದ ಬಳಿಕವೂ ಹಿಂದಿನ ಒಡಕು ಧ್ವನಿಯೇ ಇನ್ನಷ್ಟು ಜೋರಾಗಿ ಕೇಳಿಬರುತ್ತದೆ. ಕಾರಿನೊಡನೆ ಬಂದ ಯಂತ್ರವೇ ಸುಟ್ಟುಹೋಗುವುದೂ ಉಂಟು.

ಹಿಂದಿನ ಕಾರುಗಳಲ್ಲಿ ಈ ತೊಡಕು ಅಷ್ಟಾಗಿರಲಿಲ್ಲ. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಿಂಡಿಯಿಂದ ಹಳೆಯ ಸೆಟ್ಟನ್ನು ಹೊರಗೆಳೆದು ಹೊಸದನ್ನು ತೂರಿಸಿದರೆ ಕೆಲಸ ಮುಗಿಯುತ್ತಿತ್ತು. ಈಗಿನ ಅನೇಕ ಕಾರುಗಳಲ್ಲಿ ಹಿಂಬದಿಯ ಕ್ಯಾಮೆರಾದ ಚಿತ್ರವೂ ವಾಹನದ ಹಲವು ಹೊಂದಾಣಿಕೆಗಳೂ ಅದೇ ಪರದೆಯಲ್ಲಿ ಅಡಕವಾಗಿವೆ. ಆದುದರಿಂದ ಮೂಲಯಂತ್ರವನ್ನು ಇದ್ದಲ್ಲಿಯೇ ಉಳಿಸಿಕೊಂಡು, ಅದರಿಂದ ಹೊರಡುವ ಸಂಕೇತವನ್ನು ಬೇರೊಂದು ಆಂಪ್ಲಿಫೈಯರಿಗೆ ಒಯ್ಯಬೇಕಾಗುತ್ತದೆ. ಆ ತಂತಿಯಲ್ಲಿ ಏನು ಹರಿಯುತ್ತಿದೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಸಂಕೇತದಲ್ಲಿ ಮುಖ್ಯವಾಗಿ ಎರಡು ಮಟ್ಟಗಳುಂಟು. ಒಂದು ಲೈನ್ ಮಟ್ಟ. ಸಾಮಾನ್ಯವಾಗಿ 2 ರಿಂದ 4 ವೋಲ್ಟಿನೊಳಗಿನದು, ಕರೆಂಟು ಇಲ್ಲವೆನ್ನುವಷ್ಟು ಅಲ್ಪ. ಮತ್ತೊಂದು ಸ್ಪೀಕರ್ ಮಟ್ಟ. ಎಂಟು ಹತ್ತು ವೋಲ್ಟಿನವರೆಗೆ ಏರಿ, ಸ್ಪೀಕರಿನ ಸುರುಳಿಯನ್ನು ನೇರವಾಗಿ ದೂಡಬಲ್ಲದು. ಕಾರ್ಖಾನೆಯಿಂದ ಬಂದ ಬಹುತೇಕ ಯಂತ್ರಗಳಲ್ಲಿ ಹೊರಗಿನವರಿಗೆ ದೊರೆಯುವುದು ಎರಡನೆಯದು ಮಾತ್ರ.

ಸ್ಟೀರಿಯೋಗಳ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 50 ವ್ಯಾಟ್ ಎಂಬ ಅಂಕೆ ಎಲ್ಲಿಂದ ಬಂದಿತೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಎಂಜಿನ್ ಓಡುತ್ತಿರುವಾಗ ಕಾರಿನ ವೋಲ್ಟೇಜು ಸುಮಾರು 14.4. ಸ್ಪೀಕರಿನ ರೋಧ 4 ಓಮ್. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ ದೊರೆಯುತ್ತದೆ, 14.4ರ ವರ್ಗ 207.36, ಅದನ್ನು 4ರಿಂದ ಭಾಗಿಸಲು 51.84 ವ್ಯಾಟ್. ಆದರೆ ಸಂಕೇತವು ಸದಾ ತನ್ನ ಶಿಖರದಲ್ಲಿಯೇ ನಿಂತಿದ್ದರೆ, ಅಂದರೆ ಚೌಕಾಕಾರದ ಅಲೆಯಾಗಿದ್ದರೆ ಮಾತ್ರ ಈ ಲೆಕ್ಕ ಸಲ್ಲುತ್ತದೆ. ಶುದ್ಧ ಸ್ವರದ ದುಂಡನೆಯ ಅಲೆಗೆ ಇದರ ಅರ್ಧ, ಸುಮಾರು 26 ವ್ಯಾಟ್. ಟ್ರಾನ್ಸಿಸ್ಟರುಗಳಲ್ಲಿ ಆಗುವ ನಷ್ಟವನ್ನೂ ಕಳೆದರೆ ಧ್ವನಿ ಕೆಡದಂತೆ ದೊರೆಯುವುದು 18-20 ವ್ಯಾಟ್ ಮಾತ್ರ. ವ್ಯಾಪಾರದ ಗಣಿತಕ್ಕೂ ಪಾಠದ ಗಣಿತಕ್ಕೂ ಇರುವ ಅಂತರ ಇಷ್ಟು ದೊಡ್ಡದು!

ಈ ಲೆಕ್ಕದ ಹಿಂದೆ ಇನ್ನೊಂದು ಸಂಗತಿ ಅಡಗಿದೆ. ಪ್ರತಿ ಸ್ಪೀಕರಿಗೂ ಒಳಗೆ ಎರಡು ವರ್ಧಕಗಳಿದ್ದು, ಒಂದು ತಂತಿ ಮೇಲೇರುವಾಗ ಮತ್ತೊಂದು ಕೆಳಗಿಳಿಯುತ್ತದೆ. ಇದಕ್ಕೆ ಬ್ರಿಜ್ ಜೋಡಣೆಯೆಂದು ಹೆಸರು. ಮೌನವಾಗಿರುವಾಗಲೂ ಎರಡೂ ತಂತಿಗಳು ಬ್ಯಾಟರಿಯ ಅರ್ಧದಷ್ಟು, ಅಂದರೆ 6-7 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುತ್ತವೆ. ಋಣ ತಂತಿಯೆಂದು ಕರೆಸಿಕೊಂಡರೂ ಅವುಗಳಲ್ಲಿ ಯಾವುದೂ ಅರ್ಥಿಂಗ್ ಅಲ್ಲ. ಹಳೆಯ ರೇಡಿಯೋಗಳಲ್ಲಿ ಸ್ಪೀಕರಿನ ಒಂದು ತಂತಿಯನ್ನು ಕಾರಿನ ಲೋಹದ ಮೈಗೆ ಬಿಗಿಯುವ ಪದ್ಧತಿಯಿತ್ತು. ಆ ರೂಢಿಯನ್ನೇ ಇಂದಿನ ಯಂತ್ರದಲ್ಲಿ ಅನುಸರಿಸಿದರೆ ಒಳಗಿನ ಐ.ಸಿ. ಕೆಡುವ ಸಂಭವ ಹೆಚ್ಚು. ಸ್ಪೀಕರ್ ಮಟ್ಟದ ಸಂಕೇತವನ್ನು ನೇರವಾಗಿ ಸ್ವೀಕರಿಸುವ ಆಂಪ್ಲಿಫೈಯರನ್ನು ಆರಿಸುವುದು, ಅಥವಾ ನಡುವೆ ಲೈನ್ ಔಟ್‌ಪುಟ್ ಕನ್ವರ್ಟರನ್ನು ಇಡುವುದು ಸುರಕ್ಷಿತ. ಅಗ್ಗದ ಕನ್ವರ್ಟರುಗಳೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರು ತೀರ ತಗ್ಗಿನ ಸ್ವರಗಳನ್ನು ಸರಿಯಾಗಿ ದಾಟಿಸಲಾರದೆಂಬುದನ್ನು ಕೊಳ್ಳುವವರು ಮರೆಯಬಾರದು.

ಇಷ್ಟಾದರೂ ತೊಡಕು ತೀರಲಿಲ್ಲ. ಹತ್ತು ಅಂಗುಲದ ಸಬ್‌ವೂಫರನ್ನು ಕೂಡಿಸಿದ ಕಾರೊಂದನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಮುಂದೆ ಮೆಲ್ಲಗೆ ಹಾಕಿದಾಗ ಮೃದಂಗದ ಎಡಭಾಗದ ಗುಂಕಾರ ತುಂಬಿ ಬರುತ್ತದೆ. ಹೆದ್ದಾರಿಯಲ್ಲಿ ಧ್ವನಿಯನ್ನು ಏರಿಸಿದೊಡನೆ ಆ ಗುಂಕಾರ ಸೊರಗುತ್ತದೆ. ಒಡೆಯನು ಆಂಪ್ಲಿಫೈಯರನ್ನು ದೂರುತ್ತಾನೆ. ಅದರ ಗೇನನ್ನು ಹೆಚ್ಚಿಸುತ್ತಾನೆ. ಆಗ ಮನೆಯ ಮುಂದೆ ಕಿಟಕಿಗಳು ನಡುಗುತ್ತವೆ. ದೋಷ ಆಂಪ್ಲಿಫೈಯರಿನದಲ್ಲ. ಕಾರಿನ ತಯಾರಕರು ತಮ್ಮ ಚಿಕ್ಕ ಸ್ಪೀಕರುಗಳು ಹರಿಯದಿರಲೆಂದು, ಧ್ವನಿ ಏರಿದಂತೆ ಮಂದ್ರಸ್ವರಗಳನ್ನು ತಾವಾಗಿಯೇ ತಗ್ಗಿಸುವ ಏರ್ಪಾಡನ್ನು ಮೂಲಯಂತ್ರದೊಳಗೆ ಇಟ್ಟಿರುತ್ತಾರೆ. ಅವರ ದೃಷ್ಟಿಯಿಂದ ಅದು ಜಾಣತನವೇ ಸರಿ.

ಇದನ್ನು ಕಂಡುಹಿಡಿಯುವ ಪರೀಕ್ಷೆ ಸುಲಭವಾದುದು. ಸಮಾನ ಪ್ರಮಾಣದ 50 ಹರ್ಟ್ಸ್ ಮತ್ತು 300 ಹರ್ಟ್ಸ್ ಸ್ವರಗಳನ್ನು ನುಡಿಸಿ, ಸ್ಪೀಕರ್ ತಂತಿಗಳೆರಡರ ನಡುವಣ ಎ.ಸಿ. ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ತಗ್ಗಿನ ಧ್ವನಿಯಲ್ಲಿ ಎರಡೂ 1 ವೋಲ್ಟ್ ಇದ್ದು, ಏರಿಸಿದಾಗ 300 ಹರ್ಟ್ಸ್ ಸ್ವರ 6 ವೋಲ್ಟಿಗೆ ಏರಿ 50 ಹರ್ಟ್ಸ್ ಸ್ವರ 3ಕ್ಕೇ ನಿಂತರೆ ಕಾರಣ ಸ್ಪಷ್ಟ. ವೋಲ್ಟೇಜು ಅರ್ಧವಾದಲ್ಲಿ ಸಾಮರ್ಥ್ಯ ನಾಲ್ಕನೆಯ ಒಂದು ಭಾಗ! ಇಂತಹ ಕಾರಿಗೆ, ತಗ್ಗಿಸಿದ ಭಾಗವನ್ನು ಮರಳಿ ತುಂಬಿಕೊಡುವ ಡಿಜಿಟಲ್ ಸಂಸ್ಕಾರಕ ಬೇಕಾಗುತ್ತದೆ. ಕೆಲವು ದುಬಾರಿ ಕಾರುಗಳಲ್ಲಿ ತಾರಸ್ವರಗಳಿಗೆ ಒಂದು ತಂತಿ, ಮಧ್ಯಸ್ವರಗಳಿಗೆ ಇನ್ನೊಂದು ತಂತಿ. ಒಂದನ್ನು ಮಾತ್ರ ಹಿಡಿದವರಿಗೆ ಅರ್ಧ ಸಂಗೀತವೇ ದೊರೆಯುತ್ತದೆ.

ಇನ್ನು ಗೇನ್ ಎಂಬ ತಿರುಗುಗುಂಡಿಯ ವಿಚಾರ. ಅದನ್ನು ಧ್ವನಿ ಏರಿಸುವ ಗುಂಡಿಯೆಂದು ತಿಳಿಯುವುದು ಸಾಮಾನ್ಯ ತಪ್ಪು. ಬರುವ ಸಂಕೇತಕ್ಕೂ ಆಂಪ್ಲಿಫೈಯರಿನ ಶಕ್ತಿಗೂ ಹೊಂದಿಕೆ ಮಾಡುವುದಷ್ಟೇ ಅದರ ಕೆಲಸ. ಮೂಲಯಂತ್ರವು ಯಾವ ಅಂಕದಾಚೆ ಅಲೆಯ ನೆತ್ತಿಯನ್ನು ಕತ್ತರಿಸತೊಡಗುತ್ತದೆ ಎಂಬುದನ್ನು ಆಸಿಲ್ಲೊಸ್ಕೋಪಿನಿಂದ ಮೊದಲು ಅರಿಯಬೇಕು. ಆ ಅಂಕಕ್ಕಿಂತ ತುಸು ಕೆಳಗೆ ನಿಲ್ಲಿಸಿ, ಹೊಸ ಸ್ಪೀಕರುಗಳನ್ನು ಬಿಚ್ಚಿ, ಪರೀಕ್ಷಾ ಸ್ವರದೊಡನೆ ಗೇನನ್ನು ಮೆಲ್ಲಗೆ ತಿರುಗಿಸಬೇಕು. 4 ಓಮ್‌ನಲ್ಲಿ 75 ವ್ಯಾಟ್ ಕೊಡುವ ಆಂಪ್ಲಿಫೈಯರಾದರೆ ಗುರಿ 300ರ ವರ್ಗಮೂಲ, ಅಂದರೆ ಸುಮಾರು 17.3 ವೋಲ್ಟ್. ನೆತ್ತಿ ಕತ್ತರಿಸಿದ ಅಲೆಯನ್ನು ಕೊಟ್ಟರೆ ಆಂಪ್ಲಿಫೈಯರು ಆ ವಿಕಾರವನ್ನೇ ಹಿಗ್ಗಿಸುತ್ತದೆ; ಅದರಿಂದ ಹುಟ್ಟುವ ಉಪಸ್ವರಗಳು ಟ್ವೀಟರಿನ ತೆಳ್ಳನೆಯ ಸುರುಳಿಯನ್ನು ಕಾಯಿಸಿ ಸುಡಬಲ್ಲವು.

2001ರಲ್ಲಿ ಬಿ.ಎಂ.ಡಬ್ಲ್ಯೂ. 7 ಸರಣಿಯ ಕಾರಿನಲ್ಲಿ ಮೋಸ್ಟ್ ಎಂಬ ವ್ಯವಸ್ಥೆ ಬಂದಿತು. ಅದರಲ್ಲಿ ಧ್ವನಿಯು ಬೆಳಕಿನ ಮಿಣುಕುಗಳಾಗಿ ಪ್ಲಾಸ್ಟಿಕ್ ಎಳೆಯ ಉಂಗುರವೊಂದರಲ್ಲಿ ಸುತ್ತುತ್ತದೆ. ಮೂಲಯಂತ್ರದಿಂದ ಆಂಪ್ಲಿಫೈಯರಿನವರೆಗೆ ಮೀಟರಿಗೆ ಸಿಕ್ಕುವ ಧ್ವನಿಯ ವೋಲ್ಟೇಜೇ ಇಲ್ಲ. ಉಂಗುರವನ್ನು ಒಂದೆಡೆ ಕತ್ತರಿಸಿದರೆ ಇಡೀ ವ್ಯವಸ್ಥೆ ಮೂಕವಾಗುತ್ತದೆ. ಅಲ್ಲಿ ಆ ಜಾಲದ ಭಾಷೆಯನ್ನು ಬಲ್ಲ ಪರಿವರ್ತಕವಿಲ್ಲದೆ ಕೈಹಾಕಬಾರದು.

ಎಂಜಿನ್ನಿನ ವೇಗದೊಡನೆ ಏರಿಳಿಯುವ ಕುಂಯ್‌ಗುಟ್ಟುವಿಕೆ ಕೇಳಿಸಿದರೆ ಬಹಳ ಸಲ ಅರ್ಥಿಂಗ್ ಜೋಡಣೆಯ ದೋಷವೇ ಕಾರಣ. ಬಣ್ಣವನ್ನು ಕೆರೆದು ಬರಿಯ ಲೋಹಕ್ಕೆ ತಂತಿಯನ್ನು ಬಿಗಿಯಬೇಕು. ಬ್ಯಾಟರಿಯಿಂದ ಹೊರಡುವ ದಪ್ಪ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ, ಅರ್ಧ ಮೀಟರಿನೊಳಗೆ, ಫ್ಯೂಸು ಇರಬೇಕು. ಇಲ್ಲದಿದ್ದರೆ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದ ದಿನ ಕಾರಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಜೋಡಣೆಯೆಲ್ಲ ಮುಗಿದ ಮೇಲೆ ಸೀಟ್ ಬೆಲ್ಟ್ ತೆಗೆದು ನೋಡಬೇಕು, ರಿವರ್ಸ್ ಗೇರ್ ಹಾಕಿ ನೋಡಬೇಕು. ಹಲವು ಕಾರುಗಳಲ್ಲಿ ಎಚ್ಚರಿಕೆಯ ಸದ್ದುಗಳು ಹೊರಡುವುದೂ ಇದೇ ಸ್ಪೀಕರುಗಳಿಂದ.