ಕ್ಯಾಡ್ಮಿಯಂ: ಶ್ವಾಸಕೋಶದಿಂದ ಮೂತ್ರಪಿಂಡದವರೆಗೆ

ಚಿನ್ನದ ಅಂಗಡಿಗಳ ಫಲಕಗಳ ಮೇಲೆ ‘ಕೆ.ಡಿ.ಎಂ.’ ಎಂಬ ಮೂರು ಅಕ್ಷರಗಳು ಬಹುಕಾಲ ರಾರಾಜಿಸಿದವು. ಗ್ರಾಹಕರಲ್ಲಿ ಅನೇಕರು ಅದನ್ನು ಶುದ್ಧತೆಯ ಮುದ್ರೆಯೆಂದೇ ಭಾವಿಸಿದ್ದರು. ವಾಸ್ತವವಾಗಿ ಅದು ಒಡವೆಯ ಬಿಡಿಭಾಗಗಳನ್ನು ಬೆಸೆಯಲು ಬಳಸುವ ಕ್ಯಾಡ್ಮಿಯಂ ಎಂಬ ಲೋಹವನ್ನು ಸೂಚಿಸುವ ಸಂಕ್ಷೇಪ. ಹಿಂದೆ ತಾಮ್ರ ಬೆರೆಸಿದ ಬೆಸುಗೆಯಿಂದ ಒಡವೆಯ ಒಟ್ಟು ಶುದ್ಧತೆ ಕುಗ್ಗುತ್ತಿತ್ತು. ಸಾಮಾನ್ಯವಾಗಿ ಶೇ. 92ರಷ್ಟು ಚಿನ್ನಕ್ಕೆ ಶೇ. 8ರಷ್ಟು ಕ್ಯಾಡ್ಮಿಯಂ ಸೇರಿಸಿದ ಬೆಸುಗೆಯಿಂದ ಆ ನಷ್ಟ ತಪ್ಪಿತು. ಕೊಳ್ಳುವವರಿಗೆ ಲಾಭವಾಯಿತು, ಮಾರುವವರಿಗೆ ಹೆಸರು ಬಂದಿತು. ಆದರೆ ಊದುಕೊಳವೆ ಹಿಡಿದು ಬೆಸುಗೆ ಹಾಕುವ ಅಕ್ಕಸಾಲಿಗನ ಪಾಲಿಗೆ ಬಂದದ್ದು ಹೊಗೆ.

ಈ ಹೊಗೆಯ ಸ್ವರೂಪವನ್ನು ತಿಳಿಯಲು ಲೋಹದ ಗುಣವನ್ನು ಸ್ವಲ್ಪ ಅರಿಯಬೇಕು. ಕ್ಯಾಡ್ಮಿಯಂ 321 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ 767 ಡಿಗ್ರಿಯಲ್ಲಿ ಕುದಿಯುತ್ತದೆ. ಚಿನ್ನ ಕರಗುವುದಕ್ಕೆ 1064 ಡಿಗ್ರಿ ಬೇಕು. ಆದ್ದರಿಂದ ಚಿನ್ನದ ಬೆಸುಗೆ ಹಿಡಿಯುವ ಶಾಖದಲ್ಲಿ ಕ್ಯಾಡ್ಮಿಯಂ ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಕೂಡಿ, ಕಂದುಬಣ್ಣದ ಅತಿ ಸೂಕ್ಷ್ಮ ಕಣಗಳಾಗಿ ಹರಡುತ್ತದೆ. ಈ ಕಣಗಳು ಮೂಗಿನಲ್ಲಾಗಲಿ ಗಂಟಲಿನಲ್ಲಾಗಲಿ ನಿಲ್ಲದೆ ಶ್ವಾಸಕೋಶದ ಆಳವನ್ನು ಸೇರುತ್ತವೆ.

ಈ ಲೋಹವನ್ನು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರೆಡರಿಕ್ ಸ್ಟ್ರೋಮಯರ್ 1817ರಲ್ಲಿ ಕಂಡುಹಿಡಿದರು. ಔಷಧದಂಗಡಿಗಳಲ್ಲಿ ಮಾರುತ್ತಿದ್ದ ಸತುವಿನ ಕಾರ್ಬೊನೇಟನ್ನು ಕಾಯಿಸಿದಾಗ, ಅದರಲ್ಲಿ ಕಬ್ಬಿಣದ ಅಂಶವಿಲ್ಲದಿದ್ದರೂ ಹಳದಿ ಬಣ್ಣ ಮೂಡುತ್ತಿದ್ದುದು ಅವರ ಸಂಶಯಕ್ಕೆ ಕಾರಣವಾಯಿತು. ಸತು ಇರುವಲ್ಲೆಲ್ಲ ಅದರ ನೆರಳಿನಂತೆ ಕ್ಯಾಡ್ಮಿಯಂ ಇರುತ್ತದೆ. ಬಣ್ಣ, ಲೋಹಲೇಪನ, ಪ್ಲಾಸ್ಟಿಕ್ ಮುಂತಾದವುಗಳಲ್ಲಿ ಅದರ ಬಳಕೆ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ಸ್ವೀಡನ್ ದೇಶದ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯು ಈ ಲೋಹಕ್ಕೆ ಕೈಗಾರಿಕೆಯಲ್ಲಿ ಒಂದು ಶಾಶ್ವತ ಸ್ಥಾನವನ್ನು ದೊರಕಿಸಿತು.

ಕಾರ್ಖಾನೆಯಲ್ಲಿ ಕಂಡದ್ದು

ಅದೇ ಸ್ವೀಡನ್ನಿನ ಬ್ಯಾಟರಿ ಕಾರ್ಖಾನೆಯೊಂದರ ಕಾರ್ಮಿಕರನ್ನು 1940ರ ದಶಕದಲ್ಲಿ ಲಾರ್ಸ್ ಫ್ರೀಬರ್ಗ್ ಎಂಬ ಯುವ ವೈದ್ಯರು ಪರೀಕ್ಷಿಸಲು ತೊಡಗಿದರು. ಮುಂದೆ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಪರಿಸರ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಲೋಹಗಳ ವಿಷವಿಜ್ಞಾನದಲ್ಲಿ ಜಗತ್ತಿನ ಅಗ್ರಗಣ್ಯರಲ್ಲಿ ಒಬ್ಬರೆನಿಸಿದವರು ಇವರೇ. ಕಾರ್ಮಿಕರ ದೂರುಗಳು ಮೇಲುನೋಟಕ್ಕೆ ಸಾಮಾನ್ಯವಾಗಿದ್ದವು: ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಹಲವರಲ್ಲಿ ವಾಸನೆಯನ್ನು ಗ್ರಹಿಸುವ ಶಕ್ತಿಯ ನಾಶ. ವಯಸ್ಸಿನ ಮೇಲೋ ಧೂಮಪಾನದ ಮೇಲೋ ಹೊಣೆ ಹೊರಿಸಿ ಕೈಬಿಡಬಹುದಾದ ಲಕ್ಷಣಗಳಿವು.

ಫ್ರೀಬರ್ಗ್ ಹಾಗೆ ಮಾಡಲಿಲ್ಲ. ಸರಾಸರಿ 20 ವರ್ಷ ಕೆಲಸ ಮಾಡಿದ 43 ಮಂದಿಯನ್ನು ಒಂದು ಗುಂಪಾಗಿಯೂ, ಇತ್ತೀಚೆಗೆ ಸೇರಿದ 15 ಮಂದಿಯನ್ನು ಇನ್ನೊಂದು ಗುಂಪಾಗಿಯೂ ವಿಂಗಡಿಸಿ, ಎರಡನ್ನೂ ಒಂದೇ ಕ್ರಮದಲ್ಲಿ ತಪಾಸಣೆಗೆ ಒಳಪಡಿಸಿದರು. ಹಳಬರಲ್ಲಿ ಎರಡು ಹಾನಿಗಳು ಎದ್ದು ಕಂಡವು. ಒಂದು, ಎಂಫಿಸೀಮ, ಅಂದರೆ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ನಡುವಣ ತೆಳುಗೋಡೆಗಳು ನಶಿಸಿ, ಗೂಡುಗಳು ಒಂದಾಗಿ, ಒಳಗೆ ಸೇರಿದ ಗಾಳಿ ಸರಿಯಾಗಿ ಹೊರಬರಲಾಗದ ಸ್ಥಿತಿ. ಎರಡನೆಯದು ಅನಿರೀಕ್ಷಿತವಾಗಿತ್ತು: ಮೂತ್ರದಲ್ಲಿ ಪ್ರೋಟೀನು. ಉಸಿರಿನೊಡನೆ ಒಳಹೋದ ಧೂಳು ಮೂತ್ರಪಿಂಡವನ್ನು ಹೇಗೆ ಕೆಡಿಸಿತು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟಿತು.

ಮೂತ್ರದಲ್ಲಿದ್ದ ಪ್ರೋಟೀನು ಕೂಡ ವಿಲಕ್ಷಣವಾಗಿತ್ತು. ಸಾಮಾನ್ಯ ಮೂತ್ರಪಿಂಡ ರೋಗಗಳಲ್ಲಿ ಸೋರಿಹೋಗುವುದು ಮುಖ್ಯವಾಗಿ ಆಲ್ಬುಮಿನ್. ಇವರಲ್ಲಿ ಕಂಡುಬಂದುದು ಅದಕ್ಕಿಂತ ಬಹಳ ಚಿಕ್ಕ ಅಣುಗಳ ಪ್ರೋಟೀನು. ಮೊಲಗಳಿಗೆ ಕ್ಯಾಡ್ಮಿಯಂ ಧೂಳನ್ನು ಉಸಿರಾಡಿಸಿ ನಡೆಸಿದ ಪ್ರಯೋಗಗಳಲ್ಲಿಯೂ ಶ್ವಾಸಕೋಶ ಮತ್ತು ಮೂತ್ರಪಿಂಡ ಎರಡಕ್ಕೂ ಹಾನಿಯಾದುದು ದೃಢಪಟ್ಟಿತು. 1950ರಲ್ಲಿ ಪ್ರಕಟವಾದ ಫ್ರೀಬರ್ಗರ ಮಹಾಪ್ರಬಂಧವು ದೀರ್ಘಕಾಲಿಕ ಕ್ಯಾಡ್ಮಿಯಂ ವಿಷದ ಅಧ್ಯಯನಕ್ಕೆ ತಳಹದಿಯಾಯಿತು. ಎರಡು ವರ್ಷಗಳ ತರುವಾಯ ವಿಕಿರಣಶೀಲ ಕ್ಯಾಡ್ಮಿಯಂ ಬಳಸಿ ಅವರು ಇನ್ನೊಂದು ಸಂಗತಿಯನ್ನು ತೋರಿಸಿದರು. ದೇಹ ಸೇರಿದ ಈ ಲೋಹ ಮೂತ್ರದಲ್ಲಿ ಹೊರಬೀಳುವುದು ಅತ್ಯಲ್ಪ. ಬಹುಪಾಲು ಒಳಗೇ ಉಳಿಯುತ್ತದೆ.

ರಕ್ಷಣೆಯೇ ಬಲೆಯಾಗುವ ಬಗೆ

ಒಳಗೆ ಉಳಿದ ಲೋಹ ಮೂತ್ರಪಿಂಡದಲ್ಲಿಯೇ ಏಕೆ ಕೂಡಿಕೊಳ್ಳುತ್ತದೆ ಎಂಬುದಕ್ಕೆ ಉತ್ತರ ನಿಧಾನವಾಗಿ ದೊರೆಯಿತು. 1957ರಲ್ಲಿ ಕುದುರೆಯ ಮೂತ್ರಪಿಂಡದಿಂದ ಮಾರ್ಗೋಶಸ್ ಮತ್ತು ವ್ಯಾಲಿ ಎಂಬ ವಿಜ್ಞಾನಿಗಳು ಕ್ಯಾಡ್ಮಿಯಮನ್ನು ಹಿಡಿದಿಟ್ಟುಕೊಂಡಿದ್ದ ಒಂದು ಪುಟ್ಟ ಪ್ರೋಟೀನನ್ನು ಬೇರ್ಪಡಿಸಿದರು. ಅದಕ್ಕೆ ಮೆಟಲೊಥಯೊನೀನ್ ಎಂಬ ಹೆಸರು ಬಂದಿತು. ಶ್ವಾಸಕೋಶದಿಂದಲೋ ಕರುಳಿನಿಂದಲೋ ರಕ್ತ ಸೇರಿದ ಕ್ಯಾಡ್ಮಿಯಂ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಈ ಪ್ರೋಟೀನು ಅದನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ವಿಷ ತತ್ಕಾಲಕ್ಕೆ ನಿರಪಾಯಕಾರಿ. ಇದು ದೇಹದ ರಕ್ಷಣೋಪಾಯವೇ ಸರಿ.

ತೊಡಕು ಆಮೇಲಿನದು. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಉಳಿದುದನ್ನೆಲ್ಲ ಸೂಕ್ಷ್ಮ ನಾಳಿಕೆಗಳು ಹಿಂದಕ್ಕೆ ಹೀರಿಕೊಳ್ಳುತ್ತವೆ. ಸೋಸಿಹೋದ ಚಿಕ್ಕ ಪ್ರೋಟೀನುಗಳೂ ಈ ಮಿತವ್ಯಯಕ್ಕೆ ಸೇರಿದವು. ಕ್ಯಾಡ್ಮಿಯಂ ಹೊತ್ತ ಪ್ರೋಟೀನನ್ನು ಸಹ ನಾಳಿಕೆಯ ಜೀವಕೋಶ ಹಾಗೆಯೇ ಹೀರಿ ಜೀರ್ಣಿಸಿಬಿಡುತ್ತದೆ. ಕಟ್ಟು ಬಿಚ್ಚುತ್ತದೆ, ಲೋಹ ಕೋಶದೊಳಗೆ ಬಿಡುಗಡೆ ಹೊಂದುತ್ತದೆ. ಕೋಶ ತಾನೇ ಹೊಸ ಪ್ರೋಟೀನು ತಯಾರಿಸಿ ಅದನ್ನು ಮತ್ತೆ ಬಂಧಿಸುತ್ತದೆ. ಆದರೆ ಹೊರದೂಡುವ ದಾರಿಯಿಲ್ಲ. ಹೀಗೆ ವರ್ಷ ವರ್ಷವೂ ಸಂಚಯ ಬೆಳೆಯುತ್ತದೆ. ಮೂತ್ರಪಿಂಡದಲ್ಲಿ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕೆಂದು ಅಂದಾಜು. ಸಂಚಯ ಒಂದು ಮಿತಿಯನ್ನು ದಾಟಿದಾಗ ನಾಳಿಕೆಯ ಕೋಶಗಳು ಸೋಲುತ್ತವೆ. ಹೀರಿಕೊಳ್ಳಬೇಕಾದ ಚಿಕ್ಕ ಪ್ರೋಟೀನುಗಳು ಮೂತ್ರಕ್ಕೆ ಸೋರುತ್ತವೆ. ಕಾರ್ಖಾನೆಯ ಹಳಬರ ಮೂತ್ರದಲ್ಲಿ ಫ್ರೀಬರ್ಗ್ ಕಂಡದ್ದು ಇದನ್ನೇ.

ಆ ಮಿತಿ ಎಷ್ಟು ಎಂಬುದು ಬಹುಕಾಲದ ಚರ್ಚೆ. ಮೂತ್ರಪಿಂಡದ ಹೊರಪದರದ ಪ್ರತಿ ಗ್ರಾಂಗೆ 200 ಮೈಕ್ರೋಗ್ರಾಂ ಎಂದು 1970ರ ದಶಕದಲ್ಲಿ ಸೂಚಿಸಲಾಗಿತ್ತು. ತರುವಾಯದ ಅಧ್ಯಯನಗಳು ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿಯೂ ಕೆಲವರಲ್ಲಿ ಹಾನಿ ಆರಂಭವಾಗುವುದನ್ನು ತೋರಿಸಿವೆ.

ಜಿನ್ಝು ನದಿಯ ದಂಡೆ

ಕಾರ್ಖಾನೆಯ ಗೋಡೆಯ ಹೊರಗೂ ಈ ವಿಷ ವ್ಯಾಪಿಸಬಲ್ಲದು ಎಂಬುದಕ್ಕೆ ಜಪಾನಿನ ತೊಯಾಮಾ ಪ್ರಾಂತ್ಯ ಸಾಕ್ಷಿಯಾಯಿತು. ಜಿನ್ಝು ನದಿಯ ಮೇಲ್ಭಾಗದಲ್ಲಿದ್ದ ಕಾಮಿಯೋಕಾ ಗಣಿಯಿಂದ ಸತು ಮತ್ತು ಸೀಸದ ಅದಿರನ್ನು ತೆಗೆಯುತ್ತಿದ್ದರು. ಗಣಿಯ ತ್ಯಾಜ್ಯ ನದಿಗೆ ಸೇರಿ, ನದಿಯ ನೀರು ಗದ್ದೆಗಳಿಗೆ ಹರಿದು, ಅಕ್ಕಿಯ ಮೂಲಕ ಕ್ಯಾಡ್ಮಿಯಂ ಊರಿನವರ ದೇಹ ಸೇರಿತು. ಅಲ್ಲಿ ಮೂತ್ರಪಿಂಡದ ಹಾನಿಯೊಂದಿಗೆ ಮೂಳೆಗಳೂ ಮೆತ್ತಗಾಗಿ, ಮೈ ಅಲುಗಿದರೂ, ಕೆಮ್ಮಿದರೂ ಮುರಿಯುವಷ್ಟು ದುರ್ಬಲವಾದವು. ರೋಗಿಗಳ ನರಳಾಟವೇ ರೋಗದ ಹೆಸರಾಯಿತು: ‘ಇತಾಯ್ ಇತಾಯ್’, ಅಂದರೆ ‘ನೋವು, ನೋವು’. ಬಹುಪಾಲು ರೋಗಿಗಳು ಹಲವು ಮಕ್ಕಳನ್ನು ಹೆತ್ತ, ಮುಟ್ಟು ನಿಂತ ವಯಸ್ಸಿನ ರೈತ ಮಹಿಳೆಯರು.

ಸ್ಥಳೀಯ ವೈದ್ಯ ನೊಬೊರು ಹಗಿನೊ ಅವರು ಗಣಿಯ ತ್ಯಾಜ್ಯದತ್ತ ಬೆರಳು ತೋರಿದಾಗ ವಿರೋಧ ಕಡಿಮೆಯಿರಲಿಲ್ಲ. 1968ರಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿತು. 1971ರಲ್ಲಿ ಜಿಲ್ಲಾ ನ್ಯಾಯಾಲಯವೂ 1972ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ರೋಗಿಗಳ ಪರವಾಗಿ ತೀರ್ಪಿತ್ತವು. ಅಧಿಕೃತವಾಗಿ ಮಾನ್ಯತೆ ಪಡೆದ ರೋಗಿಗಳು ಸುಮಾರು 200. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ತೀರ್ಪು ಬಂದ ಮೇಲೆಯೂ ಅದಕ್ಕೆ ನಾಲ್ಕು ದಶಕ ಹಿಡಿದವು. ಕ್ಯಾಡ್ಮಿಯಂ ಕುರಿತು ಫ್ರೀಬರ್ಗ್ ಮತ್ತು ಅವರ ಸಹೋದ್ಯೋಗಿಗಳಾದ ಪಿಸ್ಕಾಟರ್ ಹಾಗೂ ನಾರ್ಡ್‌ಬರ್ಗ್ 1971ರಲ್ಲಿ ಹೊರತಂದ ಗ್ರಂಥವು ಕಾರ್ಮಿಕರ ಮೇಲಿನ ಅಧ್ಯಯನವನ್ನೂ ಜಪಾನಿನ ಈ ಅನುಭವವನ್ನೂ ಒಂದೆಡೆ ತಂದಿತು. 1982ರಲ್ಲಿ ಸ್ವೀಡನ್ ಲೇಪನ, ಬಣ್ಣ ಮತ್ತು ಪ್ಲಾಸ್ಟಿಕ್‌ಗಳಲ್ಲಿ ಕ್ಯಾಡ್ಮಿಯಂ ಬಳಕೆಗೆ ನಿಷೇಧ ವಿಧಿಸಿತು. ಈ ಲೋಹ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲಿ ವರ್ಗೀಕರಿಸಿತು. ಇಲ್ಲಿ ಮುಖ್ಯವಾದುದು ಶ್ವಾಸಕೋಶದ ಕ್ಯಾನ್ಸರ್.

ಯಾರಿಗೆ ಹೆಚ್ಚು ಅಪಾಯ

ತಿಂದ ಕ್ಯಾಡ್ಮಿಯಂನಲ್ಲಿ ಕರುಳು ಹೀರಿಕೊಳ್ಳುವುದು ಸಾಧಾರಣವಾಗಿ ಶೇ. 5ರಷ್ಟು. ಉಸಿರಾಡಿದ್ದರಲ್ಲಿ, ಕಣಗಳ ಗಾತ್ರಕ್ಕೆ ಅನುಗುಣವಾಗಿ, ಶೇ. 10ರಿಂದ 50ರವರೆಗೂ ರಕ್ತ ಸೇರಬಹುದು. ತಂಬಾಕಿನ ಗಿಡ ಮಣ್ಣಿನ ಕ್ಯಾಡ್ಮಿಯಮನ್ನು ಎಲೆಗಳಲ್ಲಿ ಕೂಡಿಡುವುದರಿಂದ ಸಿಗರೇಟು, ಬೀಡಿಗಳ ಹೊಗೆಯೂ ಇದೇ ದಾರಿ ಹಿಡಿಯುತ್ತದೆ. ಧೂಮಪಾನಿಗಳ ಮೂತ್ರಪಿಂಡದಲ್ಲಿ ಈ ಲೋಹ ಇತರರಿಗಿಂತ ಸುಮಾರು ಇಮ್ಮಡಿಯಾಗಿರುತ್ತದೆ.

ರಕ್ತಹೀನತೆಯ ವಿಷಯ ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಕರುಳು ಕಬ್ಬಿಣಕ್ಕಾಗಿ ತೆರೆದ ಬಾಗಿಲಿನಲ್ಲಿಯೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ, ಹೀರಿಕೆ ಹಲವು ಪಟ್ಟು ಏರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನರು. ಕಬ್ಬಿಣದ ಕೊರತೆಯೊಂದೇ ಇದಕ್ಕೆ ಕಾರಣವಲ್ಲವಾದರೂ ಅದು ಪ್ರಮುಖ ಕಾರಣ.

ಅಕ್ಕಸಾಲಿಗರ ಮಾತಿಗೆ ಮರಳುವುದಾದರೆ, ಮುಂಬಯಿಯ ಜವೇರಿ ಬಜಾರಿನಂಥ ಕಡೆಗಳಲ್ಲಿ ಚಿನ್ನದ ಕೆಲಸ ನಡೆಯುವುದು ಹೆಚ್ಚಾಗಿ ಇಕ್ಕಟ್ಟಾದ ಕೋಣೆಗಳಲ್ಲಿ. ಕ್ಯಾಡ್ಮಿಯಂ ಹೊಗೆಯನ್ನು ಒಮ್ಮೆಲೇ ಅಧಿಕವಾಗಿ ಉಸಿರಾಡಿದವನಿಗೆ ಕೂಡಲೇ ಏನೂ ಅನಿಸದಿರಬಹುದು. ಕೆಲವು ಗಂಟೆಗಳ ತರುವಾಯ ಚಳಿಜ್ವರ, ಮೈಕೈ ನೋವು, ಕೆಮ್ಮು ಕಾಣಿಸಿಕೊಂಡು, ಮರುದಿನ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಾಪಾಯವಾಗಬಹುದು. ಮೊದಲ ಹಂತ ಶೀತಜ್ವರದಂತೆಯೇ ಇರುವುದರಿಂದ, ಅಂದು ಬೆಸುಗೆಯ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸುವುದು ಅತ್ಯಗತ್ಯ. ಈಗ ಹಾಲ್‌ಮಾರ್ಕ್ ಪಡೆಯುವ ಚಿನ್ನದ ಒಡವೆಗಳಲ್ಲಿ ಕ್ಯಾಡ್ಮಿಯಂಗೆ ಅವಕಾಶವಿಲ್ಲ. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿದೆ. ಹಳೆಯ ಒಡವೆ ತೊಟ್ಟವರು ಹೆದರಬೇಕಾದ್ದಿಲ್ಲ. ಅದನ್ನು ಕರಗಿಸುವಾಗ ಮತ್ತು ಮತ್ತೆ ಬೆಸೆಯುವಾಗ ಹೊಗೆ ಏಳುತ್ತದೆ ಎಂಬುದನ್ನು ಕೆಲಸಗಾರರು ಮರೆಯಬಾರದು.

ಹಾನಿಗೊಂಡ ನಾಳಿಕೆಗಳಿಂದ ಕ್ಯಾಡ್ಮಿಯಂ ಹೊರತೆಗೆಯಲು ಭರವಸೆಯ ಔಷಧವಿಲ್ಲ. ಕೆಲಸ ಬಿಟ್ಟು ಹಲವು ವರ್ಷಗಳಾದ ಮೇಲೂ ಮೂತ್ರಪಿಂಡದ ತೊಂದರೆ ಮುಂದುವರಿಯಬಹುದು. ಆದ್ದರಿಂದ ಕಾಲಕಾಲಕ್ಕೆ ಪರೀಕ್ಷಿಸುವುದೇ ಸದ್ಯದ ಉಪಾಯ. ರಕ್ತದಲ್ಲಿನ ಕ್ಯಾಡ್ಮಿಯಂ ಇತ್ತೀಚಿನ ಸಂಪರ್ಕವನ್ನೂ, ಮೂತ್ರದಲ್ಲಿನದು ದೇಹದಲ್ಲಿ ಕೂಡಿರುವ ಒಟ್ಟು ಹೊರೆಯನ್ನೂ ಸೂಚಿಸುತ್ತವೆ. ನಾಳಿಕೆಯ ಹಾನಿಯನ್ನು ಗುರುತಿಸಲು ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಚಿಕ್ಕ ಪ್ರೋಟೀನನ್ನು ಅಳೆಯುತ್ತಾರೆ. ಬಣ್ಣ ಬದಲಾಗುವ ಪಟ್ಟಿಯ ಮಾಮೂಲು ಮೂತ್ರಪರೀಕ್ಷೆ ಮುಖ್ಯವಾಗಿ ಆಲ್ಬುಮಿನನ್ನು ಹಿಡಿಯುತ್ತದೆಯೇ ಹೊರತು ಇದನ್ನಲ್ಲ. ಹೀಗಾಗಿ ಬ್ಯಾಟರಿ ಒಡೆಯುವ, ಲೋಹಲೇಪನ ಮಾಡುವ ಅಥವಾ ಬೆಸುಗೆ ಹಾಕುವ ಕಾರ್ಮಿಕನೊಬ್ಬನ ವರದಿಯಲ್ಲಿ ‘ಪ್ರೋಟೀನು ಇಲ್ಲ’ ಎಂದು ಬರೆದಿದ್ದರೂ, ಬೇರೆ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಬೇಕು.